ಒಂದು ಲಕ್ಷದ ಮೂರು

ಬ್ಯಾಡಗಿ ಪೇಟೆಯ ಗೇಟಿನಲ್ಲಿ ಆವಕ ಬರೆಯುವವನು ನಾನು.
ಸೋಮವಾರ ನಸುಕಿಗೆ ಲಾರಿಗಳ ಸಾಲು ಮುಗಿದು
ಅಡಿಗೆರೆ ಎಳೆಯಬೇಕು, ಅಷ್ಟರಲ್ಲಿ
ಮೋಟೆಬೆನ್ನೂರಿನ ಟಂಟಂ ಒಂದು, ಹೆಡ್‌ಲೈಟಿಲ್ಲದ್ದು,
ಮೂರು ಚೀಲ ಡಬ್ಬಿ ಮೆಣಸಿನಕಾಯಿ.
ಕೂಡಿಸಿದೆ:
ಒಂದು ಲಕ್ಷದ ಮೂರು.

‘ಆ ಮೂರು ನಾಳಿಗೆ ಬರಕೋರಿ,’ ಅಂದ ಹಜರೇಸಾಬ,
ಹಮಾಲರ ಮೇಸ್ತ್ರಿ. ‘ಲಕ್ಷ ಅಂದ್ರ ಛಲೋ ಮಂದಿ,
ಹತ್ತು ಟೋಳಿಗೆ ಹಂಚ್ರಿ, ಇಪ್ಪತ್ತಕ್ಕ ಹಂಚ್ರಿ, ತಕರಾರಿಲ್ಲ.’
ಬರೆದದ್ದು ಬರೆದಾಗಿತ್ತು. ಮಸಿ ಒಣಗಿತ್ತು.

ಘಾಟಿಗೆ ಸೀನುತ್ತ, ಹಳೇ ಟೆಂಡರ್ ಚೀಟಿಯ ಬೆನ್ನಿಗೆ
ಭಾಗಿಸತೊಡಗಿದೆ.
ಮೂರರಿಂದ: ಒಂದು ಉಳಿಯಿತು.
ಏಳರಿಂದ: ಮತ್ತೆ ಒಂದು, ಅದೇ ಚೀಲ
ಹಿಂದಿಂದೆ ಬಂತೇನೋ ಅನ್ನುವ ಹಾಗೆ.
ಹನ್ನೊಂದರಿಂದ ಎರಡು.
ಹದಿಮೂರು ಮಂದಿ ಹೊತ್ತರೆ ಏಳು ನೆಲದಲ್ಲೇ.
ಎಲ್ಲಿಯತನಕ ಹೀಗೆ?
ಮುನ್ನೂರ ಹದಿನಾರರ ಆಚೆ ಹೋಗಬೇಕಿಲ್ಲ;
ಅಲ್ಲೊಬ್ಬ ದೊಡ್ಡ ಪಾಲುದಾರ ಇದ್ದದ್ದಾದರೆ
ಅವನ ಸಣ್ಣ ಜೋಡಿ ಈಚೆಗೇ ಸಿಕ್ಕಿಬೀಳುತ್ತಿದ್ದ.
ಅರವತ್ತೈದು ಬಾಗಿಲು ಬಡಿದೆ.
ಕೊನೆಯದು ಮುನ್ನೂರ ಹದಿಮೂರು. ಅದೂ
ನೂರೈವತ್ತಾರು ಚೀಲ ಹೊರಗೆ ತಳ್ಳಿತು.
ಚಹಾದ ಮೇಲೆ ಕೆನೆ ಕಟ್ಟಿತ್ತು.

ಅವಿಭಾಜ್ಯ. ಏಳನೇ ಇಯತ್ತೆಯಲ್ಲಿ ಬಾಯಿಪಾಠ ಮಾಡಿದ ಶಬ್ದ.
ದಲಾಲಿ, ಹಮಾಲಿ, ತೂಕದವನ ಕೂಲಿ,
ಚೆಲ್ಲಿದ ಬೀಜವೂ ಪಾಲಾಗುವ ಈ ಪೇಟೆಯಲ್ಲಿ
ಅದನ್ನು ಯಾರಿಗೆ ಹೇಳಲಿ.
ಹಿಂದಕ್ಕೆ ಹನ್ನೆರಡು ಹೆಜ್ಜೆ ಹೋದರೆ ಅದರ ಕುಲದವನೊಬ್ಬ,
ಮುಂದಕ್ಕೆ ಹದಿನಾರಕ್ಕೆ ಇನ್ನೊಬ್ಬ.
ನಡುವೆ ಇರುವವರೆಲ್ಲ
ಮುಟ್ಟಿದರೆ ಒಡೆಯುವವರು.

ತೊಟ್ಟು ಬಿಡಿಸುವ ದುರಗವ್ವ ಇಣುಕಿ ನೋಡಿ
‘ಹಂಚಾಕ ಬರ್ಲಿಲ್ಲಂದ್ರ ಚೌಕ ಹಾಸ್ರಿ,’ ಅಂದಳು.
ಹಾಸಿದೆ, ಕಾಗದದ ಮೇಲೆ.
ಎರಡು ಚೌಕಕ್ಕೆ ಒಗ್ಗುವುದಿಲ್ಲ, ಎಂದಿಗೂ:
ಯಾವ ಚೌಕವೂ ನಾಲ್ಕಕ್ಕೆ ಸೊನ್ನೆ ಬಿಡುತ್ತದೆ, ಇಲ್ಲಾ ಒಂದು;
ಎರಡು ಕೂಡಿದರೆ ಎರಡರ ಮೇಲೆ ಏರದು.
ಇದಕ್ಕೆ ಉಳಿಯುವುದು ಮೂರು.

ಮೂರು ಚೌಕ ಸಿಕ್ಕಿದ್ದು ಯುಗಾದಿ ಕಳೆದ ಮೇಲೆ,
ಮಾಲೆಲ್ಲ ಕೋಲ್ಡ್ ಸ್ಟೋರೇಜು ಸೇರಿ
ಗೇಟಿನಲ್ಲಿ ನಾಯಿ ಮಲಗುವ ದಿನಗಳಲ್ಲಿ.
ಇನ್ನೂರೈವತ್ತೈದು ಸಾಲಿನ ಅಂಗಳವೊಂದು,
ನೂರೆಂಬತ್ತೇಳರದು ಇನ್ನೊಂದು,
ಆಮೇಲೆ ಮೂಲೆಯಲ್ಲಿ, ದುರಗವ್ವ ಕೂಡ್ರುವ ತಟ್ಟಿನಷ್ಟು,
ಮೂರಕ್ಕೆ ಮೂರು, ಬರೇ ಒಂಬತ್ತು ಚೀಲ.
ಹೇಳೋಣವೆಂದರೆ ಆಕೆ ತಂಗಿಯ ಬಾಣಂತನಕ್ಕೆ
ಗುತ್ತಲಕ್ಕೆ ಹೋಗಿದ್ದಳು.

ಆ ಸೋಮವಾರ ಮಾತ್ರ ಹೊತ್ತು ಏರುತ್ತಿತ್ತು.
ಹಜರೇಸಾಬ ನನ್ನ ಚೀಟಿ ತಿರುಗಿಸಿ ನೋಡಿದ,
ಬೀಡಿ ಆರಿಸಿದ.
‘ಒಡೀಲಿ, ಬಿಡ್ಲಿ, ಸಾಹೇಬ್ರ,
ಹೊರೂದು ಒಂದೊಂದ ಅಲ್ಲೇನ್ರಿ,’
ಅಂದವನೇ ಟಂಟಂ ಪಕ್ಕ ಬೆನ್ನು ಬಾಗಿಸಿ ನಿಂತ.