ಅಳತಿ ಪುಸ್ತಕ

ಗುಳೇದಗುಡ್ಡದ ಪ್ಯಾಟಿ ಹಿಂದಿನ ಓಣಿ.
ಬಾಜೂ ಮನಿ ಮಗ್ಗ ಒಂದ ಗಳಿಗಿ ನಿಂತರ ಮಾತ್ರ
ನನ್ನ ಮಷೀನಿನ ಸಪ್ಪಳ ಹೊರಗ ಕೇಳತೈತಿ.
ಖಣ ನೇಯಾವರು ಊರ ತುಂಬ ಅದಾರ,
ಅದನ್ನ ಮೈಗೆ ಕೂಡಿಸಾಕಿ ನಾನು.
ಇಪ್ಪತ್ತಾರು ವರ್ಷ ಆತು.

ಪುಸ್ತಕ ಒಂದೈತಿ. ಕೆಂಪ ರಟ್ಟು,
ಎಣ್ಣಿ ಕೈ ತಾಗಿ ತಾಗಿ ಕರ್ರಗಾಗೇತಿ.
ಎದಿ, ಸೊಂಟ, ತೋಳು, ಕೊರಳಿನ ಆಳ.
ಹೆಸರು ಬರಿಯೂದಿಲ್ಲ.
ಖಣದ ಒಂದ ತುದಿ ಕತ್ತರಿಸಿ
ಹಾಳಿಗೆ ಟಾಚಣಿ ಚುಚ್ಚತೀನಿ:
ಗಿಳಿ ಹಸರು, ಬದನಿಕಾಯಿ ಬಣ್ಣ, ಸೂಜಿಮಲ್ಲಿಗಿ ಬುಟ್ಟಾ.
ಕೆಳಗ ಅಂಕಿ.
ಯಾರದು ಅಂತ ನನಗ ಗೊತ್ತು,
ಬಟ್ಟಿಗೆ ಗೊತ್ತು.

ಬರೇ ಅಂಕಿ ಅನ್ನಬ್ಯಾಡ್ರಿ.
ಯಾರ ಹೊಲಗಿ ಬಿಚ್ಚಿ ಸಡಲ ಮಾಡಬೇಕು
ಅತ್ತಿಗಿಂತ ಮೊದಲ ನನಗ ತಿಳೀತೈತಿ.
ಯಾರಿಗೆ ಎರಡ ತಿಂಗಳದಾಗ ನಾಕ ಇಂಚು ಇಳದೈತಿ.
ಯಾರಿಗೆ ಈ ಸಲ ತೋಳು ಮುಂಗೈ ತನಕ ಬೇಕಂತ,
ಇಂಥಾ ಬ್ಯಾಸಗ್ಯಾಗ.
ಕೇಳೂದಿಲ್ಲ. ಉದ್ದ ತೋಳು ಹೊಲೀತೀನಿ.
ಒಬ್ಬಾಕಿಗೆ ಒಂದ ಬದಿ ಹತ್ತಿ ತುಂಬಿ ಹೊಲದ ಕೊಟ್ಟೇನಿ.
ಆಕಿ ಖಣದ ಬಣ್ಣ ಸೈತ
ನಿಮಗ ಹೇಳಂಗಿಲ್ಲ.

ಹೋದ ಮಂಗಳವಾರ ಒಬ್ಬ ಹುಡುಗ ಬಂದಿದ್ದ.
ಕೊರಳಾಗ ಕಂಪನಿ ಪಟ್ಟಿ, ಕೈಯಾಗ ಟ್ಯಾಬ್.
‘ಅಕ್ಕಾರ, ನಿಮ್ಮ ಗಿರಾಕಿಗಳ ನಂಬರ್ ಕೊಡ್ರಿ,
ಒಂದಕ್ಕ ಎರಡ ರೂಪಾಯಿ.
ಅಳತಿ ಕೂಡಿಸಿ ಕೊಟ್ಟರ ಐದು.’
ಸ್ಟೂಲ್ ಕೊಟ್ಟೆ, ಚಾ ಕೊಟ್ಟೆ.
ಐದ ರೂಪಾಯಿಗೆ ಹುಕ್ಕಿನ ಡಬ್ಬಿನೂ ಬರಂಗಿಲ್ಲ ಅಂದೆ.
ಅಂವ ಖರೇ ತಿಳಕೊಂಡು ಏಳು ಅಂದ.
‘ಎಲ್ಲಾರೂ ಕೊಡತಾರ್ರಿ,
ಮೊಬೈಲ್ ಅಂಗಡಿಯಾಂವ, ಲ್ಯಾಬಿನಾಂವ…’

ಲ್ಯಾಬಿನಾಂವ.

ಆಗ ಕಣ್ಣ ಮುಂದ ಬಂದಾಕಿ ಸೂಜಿಮಲ್ಲಿಗಿ.
ಬಾಗಲಕೋಟಿಗೆ ಹೋಗಿ ರಕ್ತ ಕೊಟ್ಟು ಬಂದಿದ್ದಳು,
ಮನ್ಯಾಗ ಇನ್ನೂ ಬಾಯಿ ಬಿಟ್ಟಿದ್ದಿಲ್ಲ,
ಹುಣ್ಣಿವಿ ದಿನ ಹೇಳೂಣಂತ ಸೆರಗಿನಾಗ ಗಂಟ ಕಟ್ಟಿದಂಗ ಇಟ್ಕೊಂಡಿದ್ದಳು.
ಮೂರನೇ ದಿನ ಗಂಡನ ಫೋನಿಗೆ ಕರೆ:
‘ಕೂಸಿನ ಹೆಸರಲೆ ಪಾಲಿಸಿ ಮಾಡಸ್ರಿ, ಸರ್.’
ಹೇಳೂ ಸುಖ ಆಕೀದಿತ್ತು.
ಅದನ್ನ ಯಾವನೋ ಮಾರಿಕೊಂಡ.
ಕುಬಸದ ಕಾರ್ಯಕ್ಕ ಹಸರು ಖಣ ಹೊಲದೆ,
ಆಕಿ ಮಾರಿ ಮ್ಯಾಲಿನ ಅರ್ಧ ನಗಿ
ಯಾವ ಹೊಲಗಿಗೂ ಕೂಡಲಿಲ್ಲ.

ಖಾಲಿ ಕಪ್ಪು ತಗೊಂಡು ಅಂದೆ, ‘ಹೋಗಿ ಬಾ ತಮ್ಮಾ.’

ಆದರ ನನ್ನ ಅಳತಿ ಯಾರ ಪುಸ್ತಕದಾಗ ಐತೋ.
ಎರಡ ದಿನ ಬಿಟ್ಟು ಫೋನು.
‘ಬನಶಂಕರೆವ್ವ ಮ್ಯಾಡಮ್ ಅವರಾ?’
ಊರಿಗೆ ನಾ ಟೇಲರ್ ಅಕ್ಕ.
ಪೂರಾ ಹೆಸರು ಹಿಡದು ಕರದಾಕಿ ಅವ್ವ ಒಬ್ಬಾಕಿ,
ಅದೂ ಸಿಟ್ಟು ಬಂದಾಗ.
ಮೋಟಾರ್ ಕಂತಿನ ಮ್ಯಾಲೆ ತಂದದ್ದು,
ಗಂಡ ತೀರಿಕೊಂಡ ವರ್ಷ,
ಗಿಣಿಶಾಸ್ತ್ರದಾಂವನ ಗತಿ ಎಲ್ಲಾ ಒಪ್ಪಿಸಿದ.
ಎರಡ ಲಕ್ಷ ಮಂಜೂರಾಗೇತಂತ.
ಕೇಳದ ಸಾಲ.

ಬಾಯಾಗಿನ ಟಾಚಣಿ ತಗದು ಕೇಳಿದೆ:
‘ತಮ್ಮಾ, ನಿನ್ನ ಹೆಸರು?’
ವಿಕ್ರಮ್ ಅಂದ. ಸುಳ್ಳು, ದನಿಯಾಗ ಗೊತ್ತಾತು.
‘ಎದಿ ಎಷ್ಟ ಇಂಚು?’
ಸುಮ್ಮನಾದ.
‘ಸೊಂಟ? ಒಳಗಿನ ಬನಿಯನ್ ಎಲ್ಲೆಲ್ಲಿ ಹರದೈತಿ?’
‘ಅದೆಲ್ಲಾ ನಿಮಗ್ಯಾಕ್ರಿ?’
ಬಾಜೂ ಮನಿ ಮಗ್ಗ ಆಗ ಯಾಕೋ ನಿಂತಿತ್ತು.
‘ಹಾಂ,’ ಅಂದೆ. ‘ಅದ ನೋಡು.’

ಇಟ್ಟ.
ಗೆದ್ದೆ ಅಂತ ಹೇಳಾಕತ್ತಿಲ್ಲ.
ಸಂಜಿಕ ಮತ್ತ ಬಂತು, ಬ್ಯಾರೆ ನಂಬರು,
ಹೆಣ್ಣ ದನಿ, ಅದ ಹೆಸರು.
ಪಾಪ, ಅದಕ್ಕೂ ಹೊಟ್ಟಿ ಐತಿ.
ನಾ ಎತ್ತಿ ಎತ್ತಿ ಇಟ್ಟೆ.
ರಾತ್ರಿ ಪುಸ್ತಕ ಜ್ವಾಳದ ಡಬ್ಬ್ಯಾಗ ಹುಗದೆ.
ಹುಚ್ಚಿ ಅನ್ರಿ ಬೇಕಾದರ.

ಮುಂಜಾನೆ ಬದನಿಕಾಯಿ ಬಣ್ಣದಾಕಿ ಬಂದು ನಿಂತಳು.
‘ಅಕ್ಕಾ, ಹಳೇ ಅಳತಿ ನಡೀತೈತೇನು?’
ಸುಮ್ಮನ ಆಕಿನ್ನ ನೋಡಿದೆ.
ಟೇಪು ಕೊರಳಿಗೆ ಹಾಕ್ಕೊಂಡು
ಬಾಗಲದ ಪಡದಿ ಎಳದೆ.
‘ಬಾ, ಹೊಸದಾಗಿ ತಗೋತೀನಿ.
ಅಂಕಿ ಬಾಯಿಲೆ ಅನ್ನಂಗಿಲ್ಲ.’