ಮೂಕಿ ಬೇಡವಂತೆ

ಪೊವೌ ಹೊಳೆಯ ಮೇಲೆ ಮಂಜುಗಡ್ಡೆ ಬಿರಿಯುತ್ತಿದ್ದ ಮಾರ್ಚಿನಲ್ಲಿ
ಮೇಸ್ತ್ರಿ ಬ್ರ್ಯಾಗ್ಡನ್ ಒಂದು ಚೀಟಿ ತಂದು
ತೆಲೆಸ್ಫೋರನ ಬೆಂಚಿನ ಮೇಲಿಟ್ಟ.
ಸಾರೋಟು ಒಂದು. ಎಂದಿನ ಅಳತೆ,
ಎಂದಿನ ಬಿಲ್ಲುಪಟ್ಟಿ, ಎಂದಿನ ಹಿಕರಿ ಮರದ ಗಾಲಿ.
ಮೂಕಿ ಬೇಡವಂತೆ.

'ಮುಂದೆ ಏನು ಕಟ್ಟುತ್ತಾರೆ?'
'ಏನೂ ಇಲ್ಲ.'
ತೆಲೆಸ್ಫೋರ್ ಬಾಚಿ ಕೆಳಗಿಟ್ಟು
ಆ ಏನೂ ಇಲ್ಲದ್ದನ್ನು
ಕಣ್ಣು ಕಿರಿದು ಮಾಡಿ ನೋಡಿದ.

ಪೀಠ ಅಷ್ಟೆತ್ತರ ಯಾಕೆ ಅಂದರೆ
ಕುದುರೆಯ ಕಿವಿಗಳಾಚೆ ದಾರಿ ಕಾಣಬೇಕು.
ಕಾಲ ಮುಂದೆ ತೊಗಲು ಬಿಗಿದ ಹಲಗೆ ಯಾಕೆ ಅಂದರೆ
ಗೊರಸು ಚಿಮ್ಮಿಸಿದ ಕೆಸರು ಮಡಿಲಿಗೆ ಬೀಳಬಾರದು.
ಈಗ ಕಿವಿಯಿಲ್ಲ, ಗೊರಸಿಲ್ಲ.
ಆದರೂ ಪೀಠ ಅಷ್ಟೇ ಎತ್ತರವಾಯಿತು,
ಹಲಗೆ ತನ್ನ ಜಾಗದಲ್ಲೇ ಬಂದು ನಿಂತಿತು.
ನಲವತ್ತು ವರ್ಷ ಕಲಿತ ಕೈ
ಚೀಟಿ ಓದಲಾರದು.

ಹಠಕ್ಕೋ ಅಭ್ಯಾಸಕ್ಕೋ
ಮುಂದಿನ ಅಚ್ಚುಮರಕ್ಕೆ ಮೂಕಿಯ ಎರಡು ತೂತು
ಕೊರೆದೇ ಬಿಟ್ಟಿದ್ದ.
ಮರುದಿನ ಬೈಸಿಕೊಂಡು ಬೆಣೆ ಹೊಡೆದು ಮುಚ್ಚಿದ.
ಮೇಲೆ ಹದಿನೆಂಟು ಪದರ ಬಣ್ಣ, ಮೆರುಗೆಣ್ಣೆ;
ಕಣ್ಣಿಗೆ ಕಾಣದು. ಹೆಬ್ಬೆರಳಿಗೆ ಗೊತ್ತಾಗುತ್ತಿತ್ತು.

ನಾನು ಮೂರನೇ ಮಾಳಿಗೆಯಲ್ಲಿ ಪೀಠ ಹೊಲಿಯುವವಳು.
ನನಗೆ ಬಂದ ಚೀಟಿಯಲ್ಲಿ ಏನೂ ಬೇಡವಾಗಿರಲಿಲ್ಲ.
ಕೆಬೆಕ್ಕಿನಿಂದ ಮೂಟೆ ಮೂಟೆ ಬರುತ್ತಿತ್ತು
ಬಾಲದ ಕೂದಲು, ಜೂಲಿನ ಕೂದಲು,
ಕುದಿಸಿ, ಹುರಿ ಹೊಸೆದು, ಸುರುಳಿ ಹಿಡಿಸಿದ್ದು,
ಒಂದೊಂದು ಕಂದು, ಒಂದೆರಡು ಬಿಳಿ, ಉಳಿದದ್ದೆಲ್ಲ ಕಪ್ಪು.
ಮಳೆಯ ದಿನ ನಮ್ಮ ಮಾಳಿಗೆ
ಲಾಯದ ಹಾಗೆ ನಾರುತ್ತಿತ್ತು.
ಅದನ್ನು ತುಂಬಿದೆ, ಗುಂಡಿ ಬಿಗಿದೆ.
ರೈಲಿನಲ್ಲಿ ಪೆಟ್ಟಿಗೆಯೊಳಗೆ ಬಂದ ಎಂಜಿನ್ನನ್ನು
ಸರಿಯಾಗಿ ಅದರ ಕೆಳಗೇ ಕೂರಿಸಿದರು.

ಕೊಂಡವರು ಡಾಕ್ಟರ್ ವಿಂಗೇಟ್.
'ಚಾವಟಿ ಸಿಕ್ಕಿಸುವ ಕೊಳವೆ ಎಲ್ಲಿ?' ಅಂದರು.
'ಯಾರಿಗೆ ಹೊಡೆಯುತ್ತೀರಿ ಸ್ವಾಮಿ?'
'ಯಾರಿಗೂ ಅಲ್ಲ. ಅದಿಲ್ಲದೆ ಬೋಳು ಬೋಳು.'
ಹಿತ್ತಾಳೆಯದೇ ಹಾಕಿಕೊಟ್ಟೆವು.
ಹೆಂಡತಿಯ ಕೊಡೆ ಅದರಲ್ಲಿ ನಿಂತಿತು.

ಮೊದಲ ಭಾನುವಾರವೇ
ಮಾರ್ಕೆಟ್ ಬೀದಿಯ ಇಳಿಜಾರಿನಲ್ಲಿ
ಡಾಕ್ಟರು ಹೋ, ಹೋ, ಹೋ ಎಂದು ಕೂಗಿದರಂತೆ,
ತಿರುಗಿಸುವ ಹಿಡಿಯನ್ನು ಎರಡೂ ಕೈಯಲ್ಲಿ
ಲಗಾಮಿನಂತೆ ಎದೆಗೆ ಎಳೆದುಕೊಂಡರಂತೆ.
ಬಂಡಿಗೆ ಕಿವಿ ಎಲ್ಲಿ?
ನೇರ ಹೋಗಿ ಓಟ್ಸ್ ಮಾರುವವನ ಬಾಗಿಲಿಗೆ
ಮೂತಿ ಇಟ್ಟು ನಿಂತಿತು.
ಊರೆಲ್ಲ ವಾರಗಟ್ಟಲೆ ನಕ್ಕಿತು:
ಪಾಪ, ಹಸಿವು ಮರೆತಿಲ್ಲ.

ಎಳೆದು ತರಲು ಅವರದೇ ಮುದಿ ಹೆಣ್ಣುಕುದುರೆ ಟ್ಯಾನ್ಸಿ ಬಂದಳು.
ಹಗ್ಗ ಕಟ್ಟಲು ಎಲ್ಲೂ ಜಾಗವಿಲ್ಲ.
ತೆಲೆಸ್ಫೋರ್ ಮಾತಾಡಲಿಲ್ಲ.
ಬಗ್ಗಿ ಹೆಬ್ಬೆರಳಲ್ಲಿ ತಡವಿ
ಕೊಡತಿಯಿಂದ ಎರಡೇ ಏಟು:
ಹದಿನೆಂಟು ಪದರವೂ ಸಿಡಿದು ಬೆಣೆ ಆಚೆ ಬಿತ್ತು.
ಹಳೆಯ ಮೂಕಿ ಹೋಗಿ ಕೂತದ್ದು ಹೇಗೆ,
ಕತ್ತಿ ಒರೆಗೆ ಹೋದ ಹಾಗೆ.
ಟ್ಯಾನ್ಸಿ ಹಿಂದಕ್ಕೊಮ್ಮೆ ಮೂಸಿ ನೋಡಿ ನಡೆದಳು.

ಆಮೇಲೆ ಪೀಠ ತಗ್ಗಿತು. ಗಾಲಿ ಉಕ್ಕಿನದಾಯಿತು.
ಕೆಸರು ತಡೆಯುತ್ತಿದ್ದ ಹಲಗೆಗೆ
ಗಡಿಯಾರ, ಮುಳ್ಳು, ಸಣ್ಣ ದೀಪ ಹತ್ತಿದವು;
ಹೆಸರು ಮಾತ್ರ ಇನ್ನೂ ಕೆಸರಿನದೇ.
ತೆಲೆಸ್ಫೋರನನ್ನು ಹೂಳಿದಾಗ
ಹೆಣ ಹೊತ್ತದ್ದೂ ಮೋಟಾರೇ. ಅದರ ಪಕ್ಕಗಳಲ್ಲಿ
ಹಳೆಯ ಸಾರೋಟಿನ ಲಾಂದ್ರಗಳು
ಹೊತ್ತಿಸದೆ ತೂಗಿದ್ದವು.

ಕಳೆದ ಆಗಸ್ಟಿನಲ್ಲಿ ನಿಲ್ದಾಣದಿಂದ ಟ್ಯಾಕ್ಸಿ ಹತ್ತಿದೆ.
ಪೀಠದ ಹೊಲಿಗೆ ಬಿಚ್ಚಿತ್ತು. ಎಂಥ ಒರಟು ಹೊಲಿಗೆ.
ಮೊಣಕಾಲ ಹಿಂದೆ ಏನೋ ಚುಚ್ಚಿತು.
ಚಿವುಟಿ ಎಳೆದೆ: ಒಂದೇ ಕೂದಲು, ಕಪ್ಪು.
ಎರಡೂ ತುದಿ ಹಿಡಿದು ನೇರ ಮಾಡಿದೆ.
ಬಿಟ್ಟೆ.
ಮತ್ತೆ ಸುರುಳಿಯಾಯಿತು.