ಶೇಕಡ ಒಂದಕ್ಕಿಂತ ಕಡಿಮೆ

ದೋಣಿ ಇನ್ನೂ ಹುಟ್ಟಿಲ್ಲ,
ಅದರ ಜಾತಕ ನನ್ನ ಮೇಜಿನ ಮೇಲಿದೆ.
ತೊಟ್ಟಿಲಿಂದ ಚಟ್ಟದವರೆಗೆ ಮೂವತ್ತು ವರ್ಷ:
ಉಕ್ಕು ಎಷ್ಟು ಟನ್ನು, ತಾಮ್ರ ಎಷ್ಟು, ಬಣ್ಣ ಎಷ್ಟು ಪದರ,
ಬ್ಯಾಟರಿ ಎಷ್ಟು ಸಲ ಬದಲು,
ಕೊನೆಗೆ ಯಾರು ಕತ್ತರಿಸುತ್ತಾರೆ, ಯಾವ ದಡದಲ್ಲಿ.

ಹೊರಗೆ ಹೆಲ್ಲೆಸುಂದ್‌ನ ಫ್ಯೋರ್ಡು. ಜನವರಿ.
ಮಧ್ಯಾಹ್ನ ಮೂರಕ್ಕೇ ದೀಪ.
ಹಳೆಯ ಡೀಸೆಲ್ ದೋಣಿ ದಡ ಮುಟ್ಟುವಾಗ
ಕಿಟಕಿಯ ಗಾಜು ನಡುಗುತ್ತದೆ,
ನನ್ನ ಕಾಫಿಯಲ್ಲಿ ಉಂಗುರ ಏಳುತ್ತದೆ.

ಒಬ್ಬ ಪ್ರಯಾಣಿಕ, ಒಂದು ಕಿಲೋಮೀಟರು.
ಇದೇ ನನ್ನ ಸೇರು, ಇದೇ ಪಾವು.
ಶಾಲೆಗೆ ಹೋಗುವ ಹುಡುಗಿಯನ್ನೂ ಇದರಲ್ಲೇ ಅಳೆಯಬೇಕು,
ಆಚೆ ದಡದ ಚರ್ಚಿಗೆ ಹೋಗುವ ಶವಪೆಟ್ಟಿಗೆಯನ್ನೂ.
ಶವ ಪ್ರಯಾಣಿಕನೋ, ಸರಕೋ?
ಒಂದು ಇಡೀ ದಿನ ಕೂತು ಯೋಚಿಸಿದ್ದೇನೆ.
ಸರಕು ಎಂದು ಬರೆದೆ.
ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಗೆರೆ. ಪೆನ್ಸಿಲಿನಲ್ಲೇ ಎಳೆಯುತ್ತೇನೆ.
ಗಣಿ ಒಳಗೆ. ಗಣಿಯ ಲಾರಿ ಒಳಗೆ.
ಲಾರಿಯ ಟೈರು? ಟೈರಿಗೆ ಹಾಲು ಸುರಿಸಿದ ಮರ?
ಮರಕ್ಕೆ ಗೀರು ಹಾಕಿದ ಕೈ?
ಎಳೆದಷ್ಟೂ ಬರುವ ನೂಲು ಇದು,
ಅದಕ್ಕೇ ಒಂದು ನಿಯಮವಿದೆ:
ಶೇಕಡ ಒಂದಕ್ಕಿಂತ ಕಡಿಮೆಯಾದರೆ ಬಿಡಬಹುದು,
ಬಿಟ್ಟದ್ದನ್ನು ಹೇಳಬೇಕು.

ಎಂಜಿನ್ ಕೋಣೆಯ ತೂರ್‌ಲೈವ್ ಬಂದ,
ನಲವತ್ತೊಂದು ವರ್ಷದ ಎಣ್ಣೆ ಉಗುರಿನ ಸಂದಿಯಲ್ಲಿ.
"ಇಡುನ್, ನನ್ನ ಹೊಗೆ ಎಷ್ಟಾಯಿತು?"
ಹೇಳಿದೆ. ಡಾಕ್ಟರ ಮುಂದೆ ಕೂತವನಂತೆ ತಲೆಯಾಡಿಸಿದ.
"ನಾನೂ ನಿನ್ನ ಗೆರೆಯೊಳಗಾ?"
ಇಲ್ಲ, ಅಂದೆ. ಮನುಷ್ಯರ ದುಡಿಮೆ ಲೆಕ್ಕಕ್ಕಿಲ್ಲ.
"ಹೊಸದಕ್ಕೆ ಹೊಗೆಯೇ ಇಲ್ಲವಂತೆ."
ಇಲ್ಲಿ ಇಲ್ಲ, ಅಂದೆ.
"ಮತ್ತೆಲ್ಲಿ?"

ಚಿಲಿಯ ಉಪ್ಪಿನ ಬಯಲಿನಂಚಿನಲ್ಲಿ
ಎವುಲೋಹಿಯಾ ಎಂಬವಳಿಗೆ ಒಂದು ಬಾವಿಯಿದೆ, ಎಂಟು ಲಾಮಾಗಳಿವೆ.
ನೀರಿನ ಮಟ್ಟ ಕೇಳಿ ಬರೆದಿದ್ದೆ.
ಹಗ್ಗದ ಫೋಟೋ ಕಳಿಸಿದಳು.
ಏಳನೇ ಗಂಟಿಗೆ ಸಿಗುತ್ತಿದ್ದ ನೀರು
ಈಗ ಹನ್ನೊಂದನೆಯದಕ್ಕೆ.
ನನ್ನ ತಂತ್ರಾಂಶಕ್ಕೆ ಗಂಟು ಗೊತ್ತಿಲ್ಲ.
ಗಂಟಿಂದ ಗಂಟಿಗೆ ಎಷ್ಟು ಮೀಟರು? ಮತ್ತೆ ಬರೆದೆ.
ಒಂದು ಮಾರು, ಅಂದಳು.
ಯಾರ ಮಾರು?
ನನ್ನ ಗಂಡನದು. ಅವನು ಹೋಗಿ ಆರು ವರ್ಷ.
ಎತ್ತರದ ಆಳು.

ಎತ್ತರದ ಆಳಿನ ಚಾಚಿದ ತೋಳು:
ಒಂದು ಪಾಯಿಂಟ್ ಎಂಟು ಎಂದು ಊಹಿಸಿಕೊಂಡೆ.
ಊಹೆ ಎಂದೇ ನಮೂದಿಸಿದೆ.
ಗುಣಿಸಿ, ಭಾಗಿಸಿ, ಮೂವತ್ತು ವರ್ಷಕ್ಕೆ ಹಂಚಿ,
ಪ್ರಯಾಣಿಕನಿಗೆ, ಕಿಲೋಮೀಟರಿಗೆ ಇಳಿಸಿದಾಗ
ಒಟ್ಟು ಭಾರದಲ್ಲಿ ಅವಳ ಬಾವಿ
ಸೊನ್ನೆ ಪಾಯಿಂಟ್ ಆರು.

ಹೊಸ ದೋಣಿಯೇ ಗೆದ್ದಿತು, ಅದರಲ್ಲಿ ಅನುಮಾನವಿಲ್ಲ.
ಡೀಸೆಲ್‌ನ ಕಂಬ ಪುಟದ ನೆತ್ತಿ ಮುಟ್ಟುತ್ತದೆ,
ಇದರದ್ದು ಮೊಣಕಾಲಿಗೂ ಬರುವುದಿಲ್ಲ.
ಕಟ್ಟಿ, ಎಂದೇ ಬರೆದೆ. ಮನಸಾರೆ ಬರೆದೆ.
ಇಪ್ಪತ್ತಮೂರನೇ ಅಡಿಟಿಪ್ಪಣಿ ಮಾತ್ರ
ಎರಡು ಪುಟ ದಾಟಿತು. ಚಿಕ್ಕದು ಮಾಡಿ, ಅಂದರು.
ಮಾಡಲಿಲ್ಲ.

ಈಗ ದೋಣಿ ಬಂದದ್ದು ಕೇಳಿಸುವುದೇ ಇಲ್ಲ.
ಕಾಫಿ ಅಲುಗುವುದಿಲ್ಲ.
ತಲೆಯೆತ್ತಿದರೆ ದಡದಲ್ಲಿ ಯಾರೋ ಹುಡುಗ
ಗೂಟಕ್ಕೆ ಹಗ್ಗ ಎಸೆಯುತ್ತಿರುತ್ತಾನೆ,
ನಾನು ಅದರಲ್ಲಿ ಗಂಟು ಹುಡುಕುತ್ತಿರುತ್ತೇನೆ.